ಮಸಾಲೆ ಡಬ್ಬಿ ಮುಚ್ಚಿಟ್ಟು ಮಾಡುವ ಅಡುಗೆ: ಹುಬ್ಬಳ್ಳಿ-ಧಾರವಾಡದ ಒಲೆಯ ಮೇಲೆ ಇರಾನಿ ಮನೆಯೂಟ

ಇರಾನಿ ಊಟ ಎಂದಕೂಡಲೇ ನಮ್ಮ ಕಡೆ ಹೆಚ್ಚಿನವರಿಗೆ ಹೊಳೆಯುವುದು ಕಬಾಬ್. ಅದು ಬಹುಮಟ್ಟಿಗೆ ಹೊರಗಿನ ಊಟ. ಇರಾನಿನ ಮನೆಗಳಲ್ಲಿ ಬೇಯುವುದು ಬೇರೆಯೇ. ಬಸಿದು ಹಬೆಯಲ್ಲಿ ಅರಳಿಸಿದ ಅನ್ನ, ಅದಕ್ಕೆ ಹಚ್ಚಿಕೊಳ್ಳಲು ಗಂಟೆಗಟ್ಟಲೆ ಸಣ್ಣ ಉರಿಯಲ್ಲಿ ಕುದ್ದ ಖೊರೇಶ್ ಎಂಬ ಗಟ್ಟಿ ಸಾರು, ಬದಿಗೆ ಹಸಿ ಸೊಪ್ಪು, ಮೊಸರು, ಉಪ್ಪಿನಕಾಯಿ. ಈ ಊಟದ ಬಹುಪಾಲು ಸಾಮಾನು ಹುಬ್ಬಳ್ಳಿಯ ಜನತಾ ಬಜಾರಿನಲ್ಲೋ ಧಾರವಾಡದ ಸೂಪರ್ ಮಾರ್ಕೆಟ್‌ನಲ್ಲೋ ಸಿಗುವಂಥದ್ದೇ. ಸಿಗದ ನಾಲ್ಕೈದು ವಸ್ತುಗಳನ್ನು ಮನೆಯಲ್ಲಿ ಮಾಡಿಕೊಳ್ಳಬಹುದು ಅಥವಾ ತರಿಸಿಕೊಳ್ಳಬಹುದು.

ಆದರೂ ಇದು ನಮ್ಮ ಅಡುಗೆಮನೆಗಳಲ್ಲಿ ಕೆಡುತ್ತದೆ. ಕಾರಣ ಎರಡು. ಒಂದು, ಸೊಪ್ಪನ್ನು ಸಾಕಷ್ಟು ಹುರಿಯದೆ ನೀರು ಹಾಕುವುದು. ಎರಡು, ಅರ್ಧಕ್ಕೆ ರುಚಿ ನೋಡಿ "ಸಪ್ಪೆ ಆತು" ಎಂದು ಗರಂ ಮಸಾಲೆ, ಬ್ಯಾಡಗಿ ಖಾರ ಸುರಿಯುವುದು. ಈ ಅಡುಗೆಯಲ್ಲಿ ರುಚಿ ಬರುವುದು ಪುಡಿಯಿಂದಲ್ಲ. ಉಳ್ಳಾಗಡ್ಡಿ ಮತ್ತು ಸೊಪ್ಪು ಹುರಿದ ಹದ, ಹುಳಿಯ ಬಗೆ, ಕುದಿಯುವ ಹೊತ್ತು, ಈ ಮೂರರಿಂದ. ಅರಿಶಿನ, ಕಾಳುಮೆಣಸು, ಕೆಲವಕ್ಕೆ ಚೂರು ದಾಲ್ಚಿನ್ನಿ, ಮೇಲೆ ಕೇಸರಿ. ಇದಕ್ಕಿಂತ ಹೆಚ್ಚು ಮಸಾಲೆ ಮುಖ್ಯ ಖೊರೇಶ್‌ಗಳಿಗೆ ಬೇಡ.

ಅನ್ನದಿಂದ ಶುರು

ಚೆಲೊ ಅಂದರೆ ಬಿಳಿ ಅನ್ನ. ಅದರ ತಳದಲ್ಲಿ ಕಟ್ಟುವ ಗರಿಗರಿ ಹೊಂಬಣ್ಣದ ಪದರ ತಹ್‌ದೀಗ್. ಇರಾನಿನಲ್ಲಿ ಅಡುಗೆ ಮಾಡಿದವರ ಕೈಗುಣ ನೋಡುವುದು ಇದರಲ್ಲೇ. ಖೊರೇಶ್ ಸ್ವಲ್ಪ ಆಚೀಚೆ ಆದರೆ ನಡೆಯುತ್ತದೆ, ತಹ್‌ದೀಗ್ ಕರಕಲಾದರೆ ಊಟಕ್ಕೆ ಕೂತವರಿಗೆಲ್ಲ ಬೇಸರ.

ಅಲ್ಲಿಯ ಒಳ್ಳೆಯ ಅಕ್ಕಿ ಬೆಳೆಯುವುದು ಕ್ಯಾಸ್ಪಿಯನ್ ಕಡಲ ತೀರದ ಗಿಲಾನ್ ಮತ್ತು ಮಾಜಂದರಾನ್ ಪ್ರಾಂತ್ಯಗಳಲ್ಲಿ. ಆದರೆ ಭಾರತದಿಂದ ಬಾಸ್ಮತಿ ಅಕ್ಕಿಯನ್ನು ಅತಿ ಹೆಚ್ಚು ಕೊಳ್ಳುವ ದೇಶಗಳಲ್ಲಿ ಇರಾನೂ ಒಂದು. ಹಾಗಾಗಿ ಬಾಸ್ಮತಿ ಬಳಸಿದರೆ ಅಡುಗೆಯ ಗುಣಕ್ಕೇನೂ ಕುಂದಿಲ್ಲ. ಹಳೆಯ ಅಕ್ಕಿ ಇರಲಿ. ಸೆಲ್ಲಾ (ಕುಸುಬಲಕ್ಕಿ ಮಾಡಿದ ಬಾಸ್ಮತಿ) ಬೇಡ, ಅದರ ಅಗುಳು ಬಿಡಿಯಾಗುತ್ತದೆ ನಿಜ, ಆದರೆ ಮೆತ್ತಗಾಗುವುದಿಲ್ಲ, ಪರಿಮಳವೂ ಕಮ್ಮಿ. ಸೋನಾ ಮಸೂರಿ ಬಸಿಯುವ ಈ ವಿಧಾನಕ್ಕೆ ಒಗ್ಗುವುದಿಲ್ಲ.

ನಾಲ್ಕು ಜನಕ್ಕೆ 400 ಗ್ರಾಂ ಅಕ್ಕಿ. ನೀರು ತಿಳಿಯಾಗುವವರೆಗೆ ನಾಲ್ಕೈದು ಸಲ ತೊಳೆಯಿರಿ. ಅಕ್ಕಿ ಮುಳುಗಿ ಮೇಲೆ ಎರಡು ಬೆರಳು ನಿಲ್ಲುವಷ್ಟು ನೀರು, ಒಂದೂವರೆ ದೊಡ್ಡ ಚಮಚ ಉಪ್ಪು ಹಾಕಿ ಕನಿಷ್ಠ ಒಂದು ತಾಸು ನೆನೆಯಲಿ. ಅಗಲ ಪಾತ್ರೆಯಲ್ಲಿ 3 ಲೀಟರ್ ನೀರು ಕುದಿಸಿ, ಎರಡು ದೊಡ್ಡ ಚಮಚ ಉಪ್ಪು ಹಾಕಿ. ಇಷ್ಟು ಉಪ್ಪೇ ಎಂದು ಹೆದರಬೇಡಿ, ಹೆಚ್ಚಿನದು ನೀರಿನ ಜೊತೆ ಹೋಗುತ್ತದೆ. ಕಡಿಮೆ ಹಾಕಿದರೆ ಆಮೇಲೆ ಸರಿಮಾಡಲು ದಾರಿಯೇ ಇಲ್ಲ, ಹಬೆಗೆ ಕೂತ ಅನ್ನಕ್ಕೆ ಉಪ್ಪು ಬೆರೆಯುವುದಿಲ್ಲ. ನೆನೆಸಿದ ನೀರು ಚೆಲ್ಲಿ, ಅಕ್ಕಿಯನ್ನು ಕುದಿಯುವ ನೀರಿಗೆ ಹಾಕಿ, ಒಂದೆರಡು ಸಲ ಮಾತ್ರ ಝಾರಿಯಿಂದ ಮೆಲ್ಲಗೆ ತಿರುವಿ. ಪದೇ ಪದೇ ತಿರುವಿದರೆ ಅಗುಳು ಮುರಿಯುತ್ತದೆ.

ಐದನೇ ನಿಮಿಷದಿಂದ ಅಗುಳು ತೆಗೆದು ಒತ್ತಿ ನೋಡುತ್ತಿರಿ. ಹೊರಗೆ ಮೆತ್ತಗಾಗಿ ನಡುವೆ ಸಣ್ಣ ಗಟ್ಟಿ ಚುಕ್ಕೆ ಉಳಿದಿರಬೇಕು, ಬಾಗಿಸಿದರೆ ಬಾಗಬೇಕು, ಕಡಿದರೆ ಒಳಗೆ ತುಸು ಗಟ್ಟಿ ಸಿಗಬೇಕು. ಹಳೆಯ ಅಕ್ಕಿಗೆ ಆರರಿಂದ ಎಂಟು ನಿಮಿಷ, ಹೊಸದಕ್ಕೆ ನಾಲ್ಕೈದೇ ಸಾಕು. ತಕ್ಷಣ ತೂತಿನ ಪಾತ್ರೆಗೆ ಬಸಿಯಿರಿ. ಒಂದು ಅಗುಳು ಬಾಯಿಗೆ ಹಾಕಿ ನೋಡಿ, ಉಪ್ಪು ಹೆಚ್ಚೆನಿಸಿದರೆ ಒಂದು ಲೋಟ ತಣ್ಣೀರು ಮೇಲೆ ಚಿಮುಕಿಸಿ. ಅನ್ನ ಮುದ್ದೆಯಾಯಿತು ಎನ್ನುವವರಲ್ಲಿ ಬಹಳ ಮಂದಿ ತಪ್ಪುವುದು ಇಲ್ಲೇ, ಈ ಎರಡು ನಿಮಿಷದಲ್ಲಿ.

ಈಗ ದಪ್ಪ ತಳದ ಪಾತ್ರೆ. ನಾನ್‌ಸ್ಟಿಕ್ ಇದ್ದರೆ ಹೊಸಬರಿಗೆ ಸುಲಭ. ನಾಲ್ಕು ದೊಡ್ಡ ಚಮಚ ಎಣ್ಣೆ, ಒಂದು ಚಮಚ ತುಪ್ಪ, ಎರಡು ಚಮಚ ಕೇಸರಿ ನೀರು (ಮಾಡುವ ಬಗೆ ಮುಂದಿದೆ) ಹಾಕಿ ಬಿಸಿ ಮಾಡಿ. ತಳಕ್ಕೆ ಏನು ಹಾಸಬೇಕು ಎಂಬುದು ನಿಮ್ಮ ಇಷ್ಟ. ಬರೀ ಅನ್ನ ಹರಡಬಹುದು. ಅರ್ಧ ಸೆಂಟಿಮೀಟರ್ ದಪ್ಪದ ಆಲೂಗಡ್ಡೆ ಬಿಲ್ಲೆ ಜೋಡಿಸಬಹುದು, ಮೊದಲ ಸಲ ಮಾಡುವವರಿಗೆ ಇದೇ ಒಳ್ಳೆಯದು, ಬೇಗ ಹತ್ತುವುದಿಲ್ಲ. ಒಂದು ಕಪ್ ಬಸಿದ ಅನ್ನಕ್ಕೆ ಎರಡು ಚಮಚ ಗಟ್ಟಿ ಮೊಸರು, ಒಂದು ಮೊಟ್ಟೆಯ ಹಳದಿ, ಕೇಸರಿ ನೀರು ಕಲಸಿ ಹರಡಿದರೆ ತಹ್‌ದೀಗ್ ಒಡೆಯದೆ ಇಡಿಯಾಗಿ ಏಳುತ್ತದೆ. ಅಲ್ಲಿ ಲವಾಶ್ ಎಂಬ ತೆಳು ರೊಟ್ಟಿಯನ್ನೂ ಹಾಸುತ್ತಾರೆ. ಅದರ ಬದಲು ತೆಳ್ಳನೆಯ ಗೋಧಿ ಚಪಾತಿ ಚೆನ್ನಾಗಿ ಕೆಲಸ ಕೊಡುತ್ತದೆ. ಜೋಳದ ರೊಟ್ಟಿ ಬೇಡ, ಹಬೆಗೆ ಒಡೆದು ಅನ್ನದಲ್ಲಿ ಕಲಸಿಹೋಗುತ್ತದೆ.

ಉಳಿದ ಅನ್ನವನ್ನು ಝಾರಿಯಿಂದ ಸಡಿಲವಾಗಿ ಗೋಪುರದ ಹಾಗೆ ಏರಿಸಿ. ಒತ್ತಬೇಡಿ. ಸೌಟಿನ ಹಿಡಿಯಿಂದ ತಳ ಮುಟ್ಟದಂತೆ ಐದಾರು ತೂತು ಮಾಡಿ. ಮಧ್ಯಮಕ್ಕಿಂತ ತುಸು ಹೆಚ್ಚಿನ ಉರಿಯಲ್ಲಿ ಆರೇಳು ನಿಮಿಷ, ತೂತುಗಳಿಂದ ಹಬೆ ಏಳುವವರೆಗೆ. ಆಮೇಲೆ ಎರಡು ಚಮಚ ಕರಗಿಸಿದ ತುಪ್ಪವನ್ನು ಕಾಲು ಕಪ್ ಬಿಸಿನೀರಿನಲ್ಲಿ ಬೆರೆಸಿ ಮೇಲೆ ಹಾಕಿ, ಮುಚ್ಚಳಕ್ಕೆ ದಪ್ಪ ಹತ್ತಿ ಬಟ್ಟೆ ಸುತ್ತಿ ಬಿಗಿಯಾಗಿ ಮುಚ್ಚಿ. ಬಟ್ಟೆ ಇಲ್ಲದಿದ್ದರೆ ಮುಚ್ಚಳದ ನೀರು ತೊಟ್ಟಿಕ್ಕಿ ಮೇಲಿನ ಅನ್ನ ಅಂಟಾಗುತ್ತದೆ. ಬಟ್ಟೆಯ ತುದಿಗಳನ್ನು ಮೇಲಕ್ಕೆ ಕಟ್ಟಿ, ಗ್ಯಾಸ್ ಉರಿಗೆ ತಾಗಬಾರದು. ಪಾತ್ರೆಯ ಕೆಳಗೆ ರೊಟ್ಟಿ ಹಂಚು ಇಟ್ಟು ಸಣ್ಣ ಉರಿಯಲ್ಲಿ 40ರಿಂದ 45 ನಿಮಿಷ ಬಿಡಿ. ಹಂಚು ಇಲ್ಲದಿದ್ದರೆ ಬರ್ನರ್ ಇರುವ ನಡುಭಾಗ ಮಾತ್ರ ಕರಕಲಾಗಿ ಅಂಚು ಬೆಳ್ಳಗೆ ಉಳಿಯುತ್ತದೆ.

ಇಳಿಸಿದ ಮೇಲೆ ಪಾತ್ರೆಯ ತಳವನ್ನು ಒಂದು ನಿಮಿಷ ತಣ್ಣೀರಿನ ತಟ್ಟೆಯಲ್ಲಿ ಇಡಿ, ತಹ್‌ದೀಗ್ ಸಡಿಲಾಗುತ್ತದೆ. ತಳ ಹಿಡಿದುಕೊಂಡರೆ ಎಣ್ಣೆ ಕಮ್ಮಿಯಾಗಿದೆ ಎಂದೇ ತಿಳಿಯಿರಿ. ಬಣ್ಣ ಬರದೆ ಮೆತ್ತಗಿದ್ದರೆ ಮೊದಲ ಆರೇಳು ನಿಮಿಷದ ಉರಿ ಸಾಲದು. ಪ್ರೆಶರ್ ಕುಕ್ಕರಿನಲ್ಲಿ ತಹ್‌ದೀಗ್ ಆಗುವುದಿಲ್ಲ, ಪ್ರಯತ್ನ ಬೇಡ.

ಇಷ್ಟು ಪುರುಸೊತ್ತು ಇಲ್ಲದ ದಿನ ಗಿಲಾನಿನವರು ದಿನನಿತ್ಯ ಮಾಡುವ 'ಕತೆ' ಎಂಬ ಹೆಸರಿನ ಅನ್ನ ಮಾಡಿ. ಅದು ಬಸಿಯದೆ ಇಂಗಿಸುವ ಅನ್ನ. ಉಪ್ಪು, ಬೆಣ್ಣೆ ಹಾಕಿ ನೀರು ಇಂಗಿದ ಮೇಲೆ ಮುಚ್ಚಿ ಅರ್ಧ ತಾಸು ಸಣ್ಣ ಉರಿ. ಇದಕ್ಕೆ ಸೋನಾ ಮಸೂರಿಯೂ ಆದೀತು.

ಕೇಸರಿಯ ಮಾತು ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಜಗತ್ತಿನ ಕೇಸರಿಯಲ್ಲಿ ಹೆಚ್ಚಿನ ಪಾಲು ಇರಾನಿನದು, ಮುಖ್ಯವಾಗಿ ಖೊರಾಸಾನ್ ಸೀಮೆಯದು. ಅಲ್ಲಿಯ ಮನೆಗಳಲ್ಲಿ ಎಳೆಗಳನ್ನು ಹಾಗೇ ಅನ್ನಕ್ಕೆ ಉದುರಿಸುವುದು ಕಡಿಮೆ. ಕಾಲು ಸಣ್ಣ ಚಮಚ ಎಳೆಗೆ ಚಿಟಿಕೆ ಸಕ್ಕರೆ ಸೇರಿಸಿ ಕುಟ್ಟಾಣಿಯಲ್ಲಿ ನುಣ್ಣಗೆ ಪುಡಿ ಮಾಡಿ, ಮೂರು ಚಮಚ ಬಿಸಿನೀರು ಹಾಕಿ ಹದಿನೈದು ನಿಮಿಷ ಮುಚ್ಚಿಡಿ. ಕುದಿಯುವ ನೀರು ಬೇಡ, ಪರಿಮಳ ಹಾರಿಹೋಗುತ್ತದೆ. ಒಂದು ಐಸ್ ತುಂಡನ್ನು ಪುಡಿಯ ಮೇಲಿಟ್ಟು ತಾನಾಗಿ ಕರಗಲು ಬಿಟ್ಟರೂ ಬಣ್ಣ ಚೆನ್ನಾಗಿ ಬಿಡುತ್ತದೆ. ಕಾಲು ಚಮಚ ಎಳೆ ಹೀಗೆ ಪುಡಿಯಾದರೆ ಎರಡು ಊಟಕ್ಕೆ ಬಂತು. ನಮ್ಮ ಎರೆಹೊಲದ ಕುಸುಬಿ ಹೂವಿನ ಎಸಳನ್ನೇ ಕೇಸರಿ ಎಂದು ಮಾರುವುದುಂಟು. ಎರಡು ಎಳೆ ತಣ್ಣೀರಿಗೆ ಹಾಕಿ ನೋಡಿ: ಅಸಲಿಯಾದರೆ ನಿಧಾನಕ್ಕೆ ಹಳದಿ ಬಿಡುತ್ತದೆ, ಎಳೆ ಕೆಂಪಗೇ ಉಳಿಯುತ್ತದೆ. ಬಣ್ಣ ಹಚ್ಚಿದ ನಕಲಿಯಾದರೆ ಹಾಕಿದ ತಕ್ಷಣ ನೀರೆಲ್ಲ ಕೆಂಪಾಗಿ ಎಳೆ ಬಿಳುಚಿಕೊಳ್ಳುತ್ತದೆ.

ಘೊರ್ಮೆ ಸಬ್ಜಿ

ಇರಾನಿ ಮನೆಯೂಟದಲ್ಲಿ ಒಂದನ್ನೇ ಕಲಿಯುವುದಾದರೆ ಇದನ್ನು ಕಲಿಯಿರಿ. ಸೊಪ್ಪು, ಮಾಂಸ, ರಾಜ್ಮಾ, ಒಣ ನಿಂಬೆ ಸೇರಿದ, ಕಪ್ಪು ಹಸಿರು ಬಣ್ಣದ ಖೊರೇಶ್. ನೋಡಲು ಚೆಂದವಿಲ್ಲ. ಚೆಂದದ ಹಸಿರು ಬಣ್ಣ ಉಳಿದಿದ್ದರೆ ಅಡುಗೆ ಕೆಟ್ಟಿದೆ ಎಂದೇ ಅರ್ಥ.

ನಾಲ್ಕೈದು ಜನಕ್ಕೆ: ಎಲುಬು ಸಹಿತ ಮಟನ್ 500 ಗ್ರಾಂ, ದೊಡ್ಡ ತುಂಡು. ರಾಜ್ಮಾ ಮುಕ್ಕಾಲು ಕಪ್. ದೊಡ್ಡ ಉಳ್ಳಾಗಡ್ಡಿ ಎರಡು. ಒಣ ನಿಂಬೆ ನಾಲ್ಕು. ಅರಿಶಿನ ಒಂದು ಸಣ್ಣ ಚಮಚ, ಕಾಳುಮೆಣಸಿನ ಪುಡಿ ಅರ್ಧ. ಎಣ್ಣೆ ಒಟ್ಟು ಮುಕ್ಕಾಲು ಕಪ್. ಸೊಪ್ಪು ಬಿಡಿಸಿದ ಮೇಲೆ ತೂಗಿ 700 ಗ್ರಾಂ ಇರಬೇಕು.

ಸೊಪ್ಪಿನ ಲೆಕ್ಕ ಮುಖ್ಯ. ಇರಾನಿನಲ್ಲಿ ಪಾರ್ಸ್ಲಿ ಮತ್ತು ತರೆ ಎಂಬ ಉಳ್ಳಾಗಡ್ಡಿ ಜಾತಿಯ ಚಪ್ಪಟೆ ಎಲೆ ಹೆಚ್ಚು, ಕೊತ್ತಂಬರಿ ಅದಕ್ಕಿಂತ ಕಡಿಮೆ, ಮೆಂತೆ ತೀರ ಸ್ವಲ್ಪ. ನಮ್ಮಲ್ಲಿ ತರೆಯ ಬದಲು ಉಳ್ಳಾಗಡ್ಡಿ ತಪ್ಪಲಿನ ಹಸಿರು ಭಾಗ 250 ಗ್ರಾಂ ತೆಗೆದುಕೊಳ್ಳಿ, ಬಿಳಿ ಭಾಗ ಬೇಡ, ಸಿಹಿಯಾಗುತ್ತದೆ. ಪಾರ್ಸ್ಲಿ ಸಿಕ್ಕರೆ 250 ಗ್ರಾಂ. ಸಿಗದಿದ್ದರೆ ಅದರ ಅರ್ಧದಷ್ಟು ಪಾಲಕ್, ಅರ್ಧದಷ್ಟು ಹೆಚ್ಚುವರಿ ಕೊತ್ತಂಬರಿ. ಅದಲ್ಲದೆ ಕೊತ್ತಂಬರಿ 150 ಗ್ರಾಂ. ಮೆಂತೆ 50 ಗ್ರಾಂ, ಅಷ್ಟೇ. ನಮ್ಮ ಕಡೆ ಸಿವುಡುಗಟ್ಟಲೆ ಮೆಂತೆ ತಿಂದು ರೂಢಿ, ಕೈ ತಡೆಯುವುದಿಲ್ಲ. ಆದರೆ ಇಲ್ಲಿ ಮೆಂತೆ ಜಾಸ್ತಿಯಾದರೆ ಇಡೀ ಪಾತ್ರೆ ಕಹಿ. ಒಣಗಿದ ಕಸೂರಿ ಮೇತಿಯಾದರೆ ಎರಡು ದೊಡ್ಡ ಚಮಚ ಸಾಕು. ಸಬ್ಬಸಗಿ ಹಾಕಲೇಬೇಡಿ. ಅದಕ್ಕೆ ಬೇರೆ ಅಡುಗೆ ಇದೆ, ಮುಂದೆ ಹೇಳುತ್ತೇವೆ.

ಸೊಪ್ಪು ತೊಳೆದು ಬಟ್ಟೆಯ ಮೇಲೆ ಹರಡಿ ಫ್ಯಾನ್ ಕೆಳಗೆ ಎರಡು ಮೂರು ತಾಸು ಪೂರ್ತಿ ಒಣಗಿಸಿ. ನೀರಿನ ಪಸೆ ಇದ್ದರೆ ಅದು ಹುರಿಯುವುದಿಲ್ಲ, ಬೇಯುತ್ತದೆ, ಲೋಳೆಯಾಗುತ್ತದೆ. ಚಾಕುವಿನಿಂದ ಸಣ್ಣಗೆ ಹೆಚ್ಚಿ. ಮಿಕ್ಸಿಗೆ ಹಾಕಿದರೆ ರಸ ಬಿಟ್ಟು ಚಟ್ನಿಯಾಗುತ್ತದೆ, ಕಹಿಯೂ ಬರುತ್ತದೆ. ಮೆಂತೆಯನ್ನು ಬೇರೆ ಇಡಿ.

ಅಗಲ ಬಾಣಲೆಯಲ್ಲಿ ಎಣ್ಣೆ ಇಲ್ಲದೆ ಸೊಪ್ಪನ್ನು ಏಳೆಂಟು ನಿಮಿಷ ಬಾಡಿಸಿ, ನೀರಿನಂಶ ಆರಲಿ. ಆಮೇಲೆ ಅರ್ಧ ಕಪ್ ಎಣ್ಣೆ ಹಾಕಿ ಮಧ್ಯಮ ಉರಿಯಲ್ಲಿ ಇಪ್ಪತ್ತರಿಂದ ಇಪ್ಪತ್ತೈದು ನಿಮಿಷ ಕೈಬಿಡದೆ ತಿರುವಿ. ಮೊದಲು ಹಸಿ ವಾಸನೆ ಬರುತ್ತದೆ, ಹದಿನೈದು ನಿಮಿಷದ ಹೊತ್ತಿಗೆ ಅದು ಹೋಗಿ ಘಮ ಬದಲಾಗುತ್ತದೆ, ಸೊಪ್ಪು ಕಾಲುಭಾಗಕ್ಕೆ ಇಳಿದು ಎಣ್ಣೆ ಅಂಚಿಗೆ ಬಿಡತೊಡಗುತ್ತದೆ. ಇನ್ನೂ ಐದು ನಿಮಿಷ ಮುಂದುವರಿಸಿ. ಕಡು ಹಸಿರು ಕಪ್ಪಿಗೆ ತಿರುಗಬೇಕು, ಸುಟ್ಟ ವಾಸನೆ ಬರಬಾರದು. ಮೆಂತೆಯನ್ನು ಕೊನೆಯ ಎರಡು ನಿಮಿಷಕ್ಕೆ ಮಾತ್ರ ಸೇರಿಸಿ, ಅದು ಬೇಗ ಸುಡುತ್ತದೆ. ಬಹಳಷ್ಟು ಜನ ಹತ್ತು ನಿಮಿಷಕ್ಕೇ ಸಾಕೆಂದು ಇಳಿಸುತ್ತಾರೆ. ಆಗ ಆಗುವುದು ಮಾಂಸ ಹಾಕಿದ ಸೊಪ್ಪಿನ ಸಾರು. ಘೊರ್ಮೆ ಸಬ್ಜಿ ಅಲ್ಲ.

ರಾಜ್ಮಾವನ್ನು ರಾತ್ರಿ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಹತ್ತು ನಿಮಿಷ ಜೋರಾಗಿ ಕುದಿಸಿ ಆ ನೀರನ್ನೂ ಚೆಲ್ಲಿ. ಹಸಿ ರಾಜ್ಮಾದಲ್ಲಿ ಹೊಟ್ಟೆ ಕೆಡಿಸುವ ವಿಷದ ಅಂಶ ಇದೆ, ಸಣ್ಣ ಉರಿಯಲ್ಲಿ ಅದು ಹೋಗುವುದಿಲ್ಲ, ಜೋರು ಕುದಿಯೇ ಬೇಕು. ಕೆಲವು ಇರಾನಿ ಮನೆಗಳಲ್ಲಿ ರಾಜ್ಮಾ ಬದಲು ಅಲಸಂದಿ ಹಾಕುತ್ತಾರೆ, ನಮಗೂ ಅದು ಸುಲಭ.

ದಪ್ಪ ಪಾತ್ರೆಯಲ್ಲಿ ಉಳಿದ ಎಣ್ಣೆ, ಸಣ್ಣಗೆ ಹೆಚ್ಚಿದ ಉಳ್ಳಾಗಡ್ಡಿ ಹೊಂಬಣ್ಣಕ್ಕೆ ಹುರಿದು, ಅರಿಶಿನ ಹಾಕಿ, ಮಾಂಸ ಹಾಕಿ ಎಲ್ಲ ಬದಿ ಕೆಂಪಾಗಿಸಿ. ರಾಜ್ಮಾ, ಐದು ಕಪ್ ಬಿಸಿನೀರು ಹಾಕಿ ಒಂದು ತಾಸು ಸಣ್ಣ ಉರಿ. ಹೊತ್ತಿಲ್ಲದಿದ್ದರೆ ಇಲ್ಲಿಯವರೆಗಿನದನ್ನು ಕುಕ್ಕರಿನಲ್ಲಿ ನಾಲ್ಕೈದು ಸೀಟಿ ಮಾಡಿಕೊಳ್ಳಬಹುದು. ಆದರೆ ಹುರಿದ ಸೊಪ್ಪು ಸೇರಿಸಿದ ಮೇಲೆ ಕುಕ್ಕರ್ ಬೇಡ. ಮುಚ್ಚಳ ತುಸು ಓರೆ ಮಾಡಿ, ಸಣ್ಣ ಉರಿಯಲ್ಲಿ ಒಂದೂವರೆ ತಾಸು. ಒಣ ನಿಂಬೆಯನ್ನು ಹದಿನೈದು ನಿಮಿಷ ಬಿಸಿನೀರಿನಲ್ಲಿ ನೆನೆಸಿ, ಚಾಕುವಿನಿಂದ ಎರಡು ಕಡೆ ಚುಚ್ಚಿ, ಕೊನೆಯ ಮುಕ್ಕಾಲು ತಾಸಿಗೆ ಸೇರಿಸಿ. ಮೊದಲೇ ಹಾಕಿ ಬೇಯಿಸಿದರೆ, ಅಥವಾ ಕುದಿಯುವಾಗ ಸೌಟಿನಿಂದ ಹಿಸುಕಿದರೆ, ಬೀಜದ ಕಹಿ ಇಳಿಯುತ್ತದೆ. ಉಪ್ಪೂ ಕೊನೆಗೇ.

ಆಯಿತು ಎಂದು ತಿಳಿಯುವುದು ಹೇಗೆ? ಸೊಪ್ಪು ಒಂದು ಕಡೆ, ನೀರು ಒಂದು ಕಡೆ ತೇಲಬಾರದು. ಎರಡೂ ಕೂಡಿಕೊಂಡು ರಸ ಮಂದವಾಗಿ, ಎಣ್ಣೆ ಮೇಲೆ ಬಂದು ನಿಂತಿರಬೇಕು. ನೀರಾಗಿದ್ದರೆ ಹಿಟ್ಟು ಹಾಕಿ ಗಟ್ಟಿ ಮಾಡಬೇಡಿ, ಮುಚ್ಚಳ ತೆಗೆದು ಇನ್ನೂ ಅರ್ಧ ತಾಸು ಬಿಡಿ. ಹುಳಿ ಸಾಲದೆನಿಸಿದರೆ ಕೊನೆಗೆ ಹಸಿ ನಿಂಬೆರಸ. ಕಹಿ ಬಂದಿದ್ದರೆ ನಿಂಬೆಗಳನ್ನು ತೆಗೆದುಹಾಕಿ, ಅರ್ಧ ಚಮಚ ಸಕ್ಕರೆ ಹಾಕಿ ನೋಡಬಹುದು. ಮೆಂತೆ ಸುಟ್ಟ ಕಹಿಗೆ ಮದ್ದಿಲ್ಲ.

ಮಾಂಸ ತಿನ್ನದ ಮನೆಗಳಲ್ಲಿ ರಾಜ್ಮಾ ಒಂದೂವರೆ ಕಪ್ ಮಾಡಿ, ಉಳ್ಳಾಗಡ್ಡಿ ಮೂರು ಮಾಡಿ, ಎಣ್ಣೆ ಕಡಿಮೆ ಮಾಡಬೇಡಿ. ಸೊಪ್ಪಿನ ಹದ ಸರಿಯಿದ್ದರೆ ಮಾಂಸದ ಕೊರತೆ ಕಾಣುವುದಿಲ್ಲ. ಪನೀರ್ ಹಾಕುವುದು ಬೇಡ, ಈ ಹುಳಿಗೂ ಅದಕ್ಕೂ ಹೊಂದುವುದಿಲ್ಲ.

ಒಣ ನಿಂಬೆ ಮತ್ತು ದಾಳಿಂಬೆ ಪಾಕ: ಮನೆಯಲ್ಲೇ

ಲಿಮೂ ಅಮಾನಿ ಎಂಬ ಒಣ ನಿಂಬೆಯನ್ನು ಆನ್‌ಲೈನ್ ತರಿಸಬಹುದು, ಆದರೆ ನಮ್ಮ ಬೇಸಿಗೆಯಲ್ಲಿ ಮನೆಯಲ್ಲೇ ಆಗುತ್ತದೆ. ಇಂಡಿ ಕಡೆಯಿಂದ ಬರುವ ತೆಳು ಸಿಪ್ಪೆಯ ಸಣ್ಣ ನಿಂಬೆ ಇದಕ್ಕೆ ಹೇಳಿ ಮಾಡಿಸಿದ್ದು. ಕಲೆ, ಗಾಯ ಇಲ್ಲದ ಗಟ್ಟಿ ಹಣ್ಣು ಆರಿಸಿ. ಒಂದು ಲೀಟರ್ ನೀರಿಗೆ ಎರಡು ದೊಡ್ಡ ಚಮಚ ಉಪ್ಪು ಹಾಕಿ ಕುದಿಸಿ, ನಿಂಬೆಯನ್ನು ಇಡಿಯಾಗಿ ಮೂರ್ನಾಲ್ಕು ನಿಮಿಷ ಕುದಿಸಿ ತೆಗೆಯಿರಿ. ಒರೆಸಿ, ಒಂದಕ್ಕೊಂದು ತಾಗದಂತೆ ಬಿಸಿಲಿಗೆ ಹರಡಿ, ದಿನಕ್ಕೊಮ್ಮೆ ಮಗ್ಗುಲು ತಿರುಗಿಸಿ, ಸಂಜೆ ಒಳಗೆ ತನ್ನಿ. ಮಾರ್ಚ್-ಏಪ್ರಿಲ್ ಬಿಸಿಲಿನಲ್ಲಿ ಮೂರ್ನಾಲ್ಕು ವಾರ. ಕೈಯಲ್ಲಿ ಹಿಡಿದರೆ ಹಗುರಾಗಿ, ಅಲುಗಿಸಿದರೆ ಒಳಗೆ ಗಲಗಲ ಎನ್ನಬೇಕು. ಜೂನ್ ನಂತರ ಧಾರವಾಡದ ಮಳೆಯಲ್ಲಿ ಈ ಕೆಲಸಕ್ಕೆ ಕೈಹಾಕಬೇಡಿ, ಬೂಸ್ಟು ಹಿಡಿಯುತ್ತದೆ. ಹಸಿ ನಿಂಬೆರಸ ಇದಕ್ಕೆ ಪೂರ್ತಿ ಬದಲಿಯಲ್ಲ, ಹುಳಿ ಬರುತ್ತದೆ, ಆ ಮಾಗಿದ ಘಮ ಬರುವುದಿಲ್ಲ.

ದಾಳಿಂಬೆ ಪಾಕಕ್ಕೆ ಒಂದು ಲೀಟರ್ ರಸ ಬೇಕು, ಸುಮಾರು ಎರಡೂವರೆ ಕಿಲೊ ಹಣ್ಣು. ಕೊಪ್ಪಳ, ಬಾಗಲಕೋಟೆ ಕಡೆಯಿಂದ ಬರುವ ಭಗವಾ ತಳಿ ಬಲು ಸಿಹಿ. ಇರಾನಿನ ಪಾಕಕ್ಕೆ ಹುಳಿ ಹಣ್ಣು ಬೇಕು. ಆದ್ದರಿಂದ ಲೀಟರಿಗೆ ನಾಲ್ಕು ದೊಡ್ಡ ಚಮಚ ನಿಂಬೆರಸ ಸೇರಿಸಿ, ಸಕ್ಕರೆ ಹಾಕಬೇಡಿ. ಕಾಳನ್ನು ಮಿಕ್ಸಿಯಲ್ಲಿ ಒಂದೆರಡು ಸುತ್ತು ಮಾತ್ರ ತಿರುಗಿಸಿ ಸೋಸಿ, ಬೀಜ ಅರೆದರೆ ಒಗರು. ಸ್ಟೀಲ್ ಪಾತ್ರೆಯಲ್ಲಿ ಮಧ್ಯಮ ಉರಿಯಲ್ಲಿ ಸುಮಾರು ಒಂದು ತಾಸು ಕಾಯಿಸಿದರೆ 200ರಿಂದ 250 ಮಿಲಿಲೀಟರ್ ಉಳಿಯುತ್ತದೆ. ಬಿಸಿಯಲ್ಲಿ ತುಸು ತೆಳ್ಳಗಿರುವಾಗಲೇ ಇಳಿಸಿ, ಆರಿದ ಮೇಲೆ ಗಟ್ಟಿಯಾಗುತ್ತದೆ. ಅಲ್ಯುಮಿನಿಯಂ ಪಾತ್ರೆ ಬೇಡ, ಹುಳಿಗೆ ಲೋಹದ ರುಚಿ ಇಳಿಯುತ್ತದೆ.

ಈ ಪಾಕ ಹೋಗುವುದು ಫೆಸೆಂಜಾನ್‌ಗೆ. ಗಿಲಾನಿನಿಂದ ಬಂದ, ಅಕ್ರೋಟ ಮತ್ತು ದಾಳಿಂಬೆಯ ಖೊರೇಶ್. ಹಬ್ಬ, ಮದುವೆಗಳಲ್ಲಿ ಮರ್ಯಾದೆಯ ಅಡುಗೆ. ಅಕ್ರೋಟ 300 ಗ್ರಾಂ. ಹಾಕುವ ಮೊದಲು ಒಂದೊಂದು ಪೊಟ್ಟಣದಿಂದ ಒಂದು ತುಂಡು ತಿಂದು ನೋಡಿ, ಕಮಟು ವಾಸನೆ ಇದ್ದರೆ ಇಡೀ ಪಾತ್ರೆ ಹಾಳು. ಮಿಕ್ಸಿಯಲ್ಲಿ ತಡೆತಡೆದು ಪುಡಿ ಮಾಡಿ, ಎಣ್ಣೆ ಬಿಟ್ಟು ಮುದ್ದೆಯಾಗುವ ಮುಂಚೆ ನಿಲ್ಲಿಸಿ. ಮೂರು ಕಪ್ ತಣ್ಣೀರು ಸೇರಿಸಿ ತೀರ ಸಣ್ಣ ಉರಿಯಲ್ಲಿ ಒಂದು ತಾಸು ಕುದಿಸಿ, ತಳ ಹಿಡಿಯುವ ಸ್ವಭಾವ ಇರುವುದರಿಂದ ಆಗಾಗ ಕೆದಕುತ್ತಿರಿ. ನಡುವೆ ಎರಡು ಮೂರು ಸಲ ಅರ್ಧ ಕಪ್ ಐಸ್ ನೀರು ಹಾಕುವ ಪದ್ಧತಿ ಇದೆ; ಹಾಗೆ ಮಾಡಿದರೆ ಅಕ್ರೋಟದ ಎಣ್ಣೆ ಚೆನ್ನಾಗಿ ಬಿಡುತ್ತದೆ ಎನ್ನುತ್ತಾರೆ. ಮುಕ್ಕಾಲು ಕಪ್ ಪಾಕ ಹಾಕಿ. ಉಳ್ಳಾಗಡ್ಡಿ ಜೊತೆ ಬೇರೆ ಬಾಣಲೆಯಲ್ಲಿ ಕೆಂಪಾಗಿಸಿದ 800 ಗ್ರಾಂ ಕೋಳಿ ತುಂಡು ಸೇರಿಸಿ ಇನ್ನೂ ಮುಕ್ಕಾಲು ತಾಸು. ಕಡು ಕಂದು ಬಣ್ಣ ಬಂದು ಎಣ್ಣೆ ಮೇಲೆ ತೇಲಿದರೆ ಮುಗಿಯಿತು. ಗಿಲಾನಿನವರು ಹುಳಿಯಾಗಿಯೇ ಉಣ್ಣುತ್ತಾರೆ, ತೆಹ್ರಾನಿನಲ್ಲಿ ಒಂದೆರಡು ಚಮಚ ಸಕ್ಕರೆ ಬೀಳುತ್ತದೆ. ಅಕ್ರೋಟ ತುಟ್ಟಿ ಎಂದು ಶೇಂಗಾ ಹಾಕುವ ಆಸೆ ಬರಬಹುದು. ಶೇಂಗಾದ ರುಚಿ ದಾಳಿಂಬೆಯನ್ನು ಮುಚ್ಚಿಬಿಡುತ್ತದೆ, ಬೇಡ. ಖರ್ಚು ಕಡಿಮೆ ಮಾಡಬೇಕೆಂದರೆ ಅರ್ಧ ಪ್ರಮಾಣ ಮಾಡಿ.

ಇರಾನಿನವರೂ ನಮ್ಮ ಹಾಗೆ ಆಹಾರವನ್ನು ಉಷ್ಣ, ತಂಪು ಎಂದು ವಿಂಗಡಿಸುತ್ತಾರೆ. ಅಕ್ರೋಟ ಉಷ್ಣ, ದಾಳಿಂಬೆ ತಂಪು; ಈ ಎರಡನ್ನು ಒಂದೇ ಪಾತ್ರೆಯಲ್ಲಿ ಕೂಡಿಸಿರುವುದಕ್ಕೆ ಅಲ್ಲಿಯ ಅಜ್ಜಿಯರು ಕೊಡುವ ಕಾರಣ ಇದೇ.

ಕಡಲಿಬ್ಯಾಳಿ, ಸಬ್ಬಸಗಿ, ಬದನಿಕಾಯಿ

ಕಡಲಿಬ್ಯಾಳಿ ಹಾಕಿದ ಖೊರೇಶ್ ಆದ ಘೈಮೆ ಸುಲಭ. ಮಟನ್ 400 ಗ್ರಾಂ, ಎರಡು ಸೆಂಟಿಮೀಟರ್ ತುಂಡು. ಕಡಲಿಬ್ಯಾಳಿ ಮುಕ್ಕಾಲು ಕಪ್, ಎರಡು ತಾಸು ನೆನೆಸಿದ್ದು. ಟೊಮೆಟೊ ಪೇಸ್ಟ್ ಮೂರು ದೊಡ್ಡ ಚಮಚ. ಒಣ ನಿಂಬೆ ಮೂರು. ಅರಿಶಿನ, ಚೂರು ದಾಲ್ಚಿನ್ನಿ. ಪೇಸ್ಟನ್ನು ಹುರಿದ ಉಳ್ಳಾಗಡ್ಡಿ ಜೊತೆ ಎಣ್ಣೆ ಕೆಂಪಾಗುವವರೆಗೆ ನಾಲ್ಕು ನಿಮಿಷ ಹುರಿಯದಿದ್ದರೆ ಹಸಿ ಹುಳಿ ಉಳಿಯುತ್ತದೆ. ಮಾಂಸ ಬೇರೆ ಮುಕ್ಕಾಲು ಬೆಂದ ಮೇಲೆ ಬ್ಯಾಳಿ ಹಾಕಿ, ಬ್ಯಾಳಿ ಬೇಯಬೇಕು ಆದರೆ ಒಡೆಯಬಾರದು. ತೊಗರಿಬ್ಯಾಳಿ ಹಾಕಿದರೆ ಕರಗಿ ಸಾರಾಗುತ್ತದೆ. ಮೇಲೆ ಗರಿಯಾಗಿ ಕರಿದ ಸಣ್ಣ ಆಲೂಗಡ್ಡೆ ಕಡ್ಡಿ, ಬಡಿಸುವ ಹೊತ್ತಿಗೆ ಮಾತ್ರ. ಮೊಹರಂನಲ್ಲಿ ನಮ್ಮ ಹಳ್ಳಿಗಳಲ್ಲಿ ಚೋಂಗೆ ಹಂಚುವಂತೆ, ಇರಾನಿನಲ್ಲಿ ಆ ದಿನಗಳಲ್ಲಿ ದೊಡ್ಡ ದೊಡ್ಡ ಹಂಡೆಗಳಲ್ಲಿ ಘೈಮೆ ಬೇಯಿಸಿ ಬಂದವರಿಗೆಲ್ಲ ಹರಕೆಯ ಊಟವಾಗಿ ಹಂಚುತ್ತಾರೆ.

ಸಬ್ಬಸಗಿಯ ಜಾಗ ಬಾಘಾಲಿ ಪೊಲೊದಲ್ಲಿ. ಬಸಿದ ಅನ್ನ, ಹೆಚ್ಚಿದ ಸಬ್ಬಸಗಿ, ಸಿಪ್ಪೆ ಸುಲಿದ ಬಾಘಾಲಿ ಕಾಳು (ಫಾವಾ ಬೀನ್ಸ್) ಪದರ ಪದರವಾಗಿ ಹಾಕಿ ಹಬೆಗೆ ಕೂರಿಸುವ ಅನ್ನ ಇದು. ಬಾಘಾಲಿ ಇಲ್ಲಿ ಸಿಗುವುದು ಅಪರೂಪ, ಹಿತಕಿದ ಅವರೆಕಾಳು ಅದರ ಕೆಲಸವನ್ನು ಚೆನ್ನಾಗಿ ಮಾಡುತ್ತದೆ. 400 ಗ್ರಾಂ ಅಕ್ಕಿಗೆ ಒಂದೂವರೆ ಕಪ್ ಕಾಳು, 200 ಗ್ರಾಂ ಸಬ್ಬಸಗಿ ಎಲೆ. ದಪ್ಪ ದಂಟು ತೆಗೆಯಿರಿ, ಎಲೆ ಪೂರ್ತಿ ಒಣಗಿರಲಿ, ಇಲ್ಲದಿದ್ದರೆ ಅನ್ನ ಅಂಟಾಗುತ್ತದೆ. ಕಾಳನ್ನು ಬೇರೆ ಮುಕ್ಕಾಲು ಬೇಯಿಸಿಕೊಂಡಿರಿ. ಕುರಿಯ ಕಾಲಿನ ಮಾಂಸದ ಜೊತೆ ಉಣ್ಣುವುದು ವಾಡಿಕೆ, ಬರೀ ಮೊಸರಿನ ಜೊತೆಯೂ ಸೊಗಸು.

ಮೊಟ್ಟೆ ತಿನ್ನುವವರಿಗೆ ಎಲ್ಲಕ್ಕಿಂತ ಮೊದಲು ಮಾಡಿ ನೋಡಲು ಮಿರ್ಜಾ ಘಾಸೆಮಿ ಹೇಳುತ್ತೇವೆ. ಇದೂ ಗಿಲಾನಿನದು, ಸುಮಾರು ಒಂದು ತಾಸಿನ ಕೆಲಸ, ಜೋಳದ ರೊಟ್ಟಿಗೆ ಹೇಳಿ ಮಾಡಿಸಿದ ಜೋಡಿ. ಎಣ್ಣೆಗಾಯಿಗೆ ತರುವ ಸಣ್ಣ ಬದನಿಕಾಯಿ ಬೇಡ, ಸುಡುವ ದೊಡ್ಡದು 800 ಗ್ರಾಂ. ನೇರ ಉರಿಯಲ್ಲಿ ಸಿಪ್ಪೆ ಕರಿಯಾಗಿ ಒಳಗೆ ಮೆತ್ತಗಾಗುವವರೆಗೆ ಸುಟ್ಟು, ಸುಲಿದು, ತೂತಿನ ಪಾತ್ರೆಯಲ್ಲಿ ಇಪ್ಪತ್ತು ನಿಮಿಷ ನೀರು ಇಳಿಯಲು ಬಿಡಿ. ಐದು ಚಮಚ ಎಣ್ಣೆಯಲ್ಲಿ ಜಜ್ಜಿದ ಬಳ್ಳೊಳ್ಳಿ ಎಂಟು ಎಸಳು, ಅರ್ಧ ಚಮಚ ಅರಿಶಿನ ಹಾಕಿ ತಿಳಿ ಹೊಂಬಣ್ಣಕ್ಕೆ ಹುರಿಯಿರಿ; ಬಳ್ಳೊಳ್ಳಿ ಕೆಂಪಾದರೆ ಕಹಿ. ಬದನಿಕಾಯಿ ಹಾಕಿ ಹತ್ತು ನಿಮಿಷ, ಸಿಪ್ಪೆ ತೆಗೆದ ಮೂರು ಟೊಮೆಟೊ ಹಾಕಿ ನೀರು ಆರುವವರೆಗೆ ಹದಿನೈದು ನಿಮಿಷ. ಬದಿಗೆ ಸರಿಸಿ ಮೂರು ಮೊಟ್ಟೆ ಒಡೆದು, ಅರೆ ಗಟ್ಟಿಯಾದಾಗ ಕಲಸಿ. ಹಸಿಮೆಣಸಿನಕಾಯಿ ಹಾಕಬೇಕು ಎನಿಸಿದರೂ ಮೊದಲ ಸಲ ಹಾಕದೆ ತಿನ್ನಿ.

ಖಾರವಿಲ್ಲದೆ ಊಟ ಸೇರುವುದೇ ಇಲ್ಲ ಎನ್ನುವವರಿಗೆ ಇರಾನಿನ ದಕ್ಷಿಣ ಕರಾವಳಿಯ ಬುಶೆಹರ್, ಖುಜೆಸ್ತಾನ್ ಕಡೆಯ ಘಲಿಯೆ ಮಾಹಿ ಎಂಬ ಮೀನಿನ ಸಾರು ಇದೆ. ಅಲ್ಲಿ ಹುಣಸೆ, ಮೆಣಸಿನಕಾಯಿ ಎರಡೂ ನಡೆಯುತ್ತವೆ. ಕಾರವಾರದ ಕಡೆಯಿಂದ ಬರುವ ಗಟ್ಟಿ ಮಾಂಸದ ಮೀನು 600 ಗ್ರಾಂ, ಕೊತ್ತಂಬರಿ 300 ಗ್ರಾಂ, ಕಸೂರಿ ಮೇತಿ ಎರಡು ಚಮಚ, ಬಳ್ಳೊಳ್ಳಿ ಎಂಟು ಎಸಳು, 60 ಗ್ರಾಂ ಹುಣಸೆ ಎರಡು ಕಪ್ ಬಿಸಿನೀರಿನಲ್ಲಿ ಕಿವುಚಿದ್ದು. ಸೊಪ್ಪು ಹತ್ತು ಹನ್ನೆರಡು ನಿಮಿಷ ಹುರಿದರೆ ಸಾಕು, ಇಲ್ಲಿ ಕಪ್ಪಾಗಬೇಕಿಲ್ಲ. ಹುಣಸೆ ನೀರು ಹಾಕಿ ಅರ್ಧ ತಾಸು ಕುದಿಸಿ, ಮೀನು ಹಾಕಿದ ಮೇಲೆ ಸೌಟು ಆಡಿಸದೆ ಹನ್ನೆರಡು ನಿಮಿಷ.

ಇನ್ನು ಆಶ್-ಎ-ರೆಶ್ತೆ: ಕಾಳು, ಸೊಪ್ಪು, ಚಪ್ಪಟೆ ಗೋಧಿ ಎಳೆಗಳ ಗಟ್ಟಿ ಗಂಜಿ. ಮಾಂಸ ಇಲ್ಲದೆಯೂ ಪೂರ್ಣ. ಕಾಬೂಲಿ ಕಡಲೆ, ರಾಜ್ಮಾ, ಇಡೀ ಮಸೂರ್ ತಲಾ ಅರ್ಧ ಕಪ್, ಸೊಪ್ಪು 600 ಗ್ರಾಂ, ಎಳೆ 200 ಗ್ರಾಂ. ನಮ್ಮ ಶಾವಿಗಿ ತೀರ ಸಣ್ಣ, ಕರಗಿಬಿಡುತ್ತದೆ. ಚಪಾತಿ ಹಿಟ್ಟಿಗೆ ಉಪ್ಪು ಸ್ವಲ್ಪ ಹೆಚ್ಚು ಹಾಕಿ ತೆಳ್ಳಗೆ ಲಟ್ಟಿಸಿ, ಅರ್ಧ ಸೆಂಟಿಮೀಟರ್ ಅಗಲಕ್ಕೆ ಕತ್ತರಿಸಿ ಎರಡು ತಾಸು ಒಣಗಿಸಿ ಹಾಕಿ. ಎಳೆಯ ಉಪ್ಪು ಬಿಡುವುದರಿಂದ ಆಶ್‌ಗೆ ಉಪ್ಪು ಕೊನೆಗೆ. ಮೇಲೆ ಕಷ್ಕ್ ಎಂಬ ಹುಳಿ ಗಟ್ಟಿ ಮೊಸರಿನ ಪದಾರ್ಥ. ಅದಿಲ್ಲದಿದ್ದರೆ ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಹುಳಿ ಮೊಸರಿಗೆ ಉಪ್ಪು ಹಾಕಿ ಕಡೆದು, ಒಲೆಯಿಂದ ಇಳಿಸಿದ ಮೇಲೆ ಬೆರೆಸಿ. ಕುದಿಯುವಾಗ ಹಾಕಿದರೆ ಒಡೆಯುತ್ತದೆ. ಕರಿದ ಉಳ್ಳಾಗಡ್ಡಿ, ಜೊತೆಗೆ ಪುದೀನ ಎಣ್ಣೆ: ಎಣ್ಣೆ ಬಿಸಿ ಮಾಡಿ, ಒಲೆ ಆರಿಸಿ, ಆಮೇಲೆ ಒಣ ಪುದೀನ ಪುಡಿ ಹಾಕಿ. ಒಲೆ ಉರಿಯುತ್ತಿರುವಾಗಲೇ ಹಾಕಿದರೆ ಹತ್ತು ಸೆಕೆಂಡಿಗೆ ಕಪ್ಪಾಗಿ ಕಹಿಯಾಗುತ್ತದೆ. ನಮ್ಮ ಯುಗಾದಿಯ ಆಸುಪಾಸಿನಲ್ಲಿ, ಮಾರ್ಚ್ 20 ಅಥವಾ 21ಕ್ಕೆ ಬರುವ ನೌರೂಜ್ ಹೊಸವರ್ಷದ ದಿನಗಳಲ್ಲಿ ಇದು ಮನೆಮನೆಯ ಅಡುಗೆ.

ಊಟಕ್ಕೆ ಬಡಿಸುವಾಗ ಹಸಿ ಸೊಪ್ಪಿನ ತಟ್ಟೆ ಮರೆಯಬೇಡಿ. ಅಲ್ಲಿ ಪುದೀನ, ತುಳಸಿ ಜಾತಿಯ ಎಲೆ, ಮೂಲಂಗಿ, ಉಳ್ಳಾಗಡ್ಡಿ ತಪ್ಪಲು ಇಡುತ್ತಾರೆ. ಖಾನಾವಳಿಯಲ್ಲಿ ರೊಟ್ಟಿಯ ಜೊತೆ ಹಕ್ಕರಕಿ, ಹಸಿ ಮೆಂತೆ ತಿಂದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಹಕ್ಕರಕಿಯನ್ನೇ ಇಟ್ಟರೂ ಆಯಿತು. ಸೌತೆಕಾಯಿ, ಒಣ ಪುದೀನ ಹಾಕಿದ ಗಟ್ಟಿ ಮೊಸರು ಇನ್ನೊಂದು ಬಟ್ಟಲಲ್ಲಿ. ಒಗ್ಗರಣಿ ಕೊಡಬೇಡಿ.

ಕೊನೆಯದಾಗಿ ಒಂದು ಅನುಕೂಲದ ಮಾತು. ಘೊರ್ಮೆ ಸಬ್ಜಿ, ಫೆಸೆಂಜಾನ್ ಎರಡೂ ಮರುದಿನ ಹೆಚ್ಚು ರುಚಿ, ಹಾಗಾಗಿ ನೆಂಟರು ಬರುವ ಹಿಂದಿನ ದಿನವೇ ಮಾಡಿ ಫ್ರಿಜ್‌ನಲ್ಲಿಡಿ, ಅನ್ನ ಮಾತ್ರ ಆ ದಿನ ಮಾಡಿ. ಚಳಿಗಾಲದಲ್ಲಿ ಸೊಪ್ಪು ಸೋವಿಯಾದಾಗ ಮೂರು ಪಟ್ಟು ಸೊಪ್ಪು ಒಟ್ಟಿಗೆ ಹುರಿದು, ಆರಿಸಿ, ಒಂದು ಅಡುಗೆಗೆ ಒಂದರಂತೆ ಪೊಟ್ಟಣ ಕಟ್ಟಿ ಫ್ರೀಜರಿನಲ್ಲಿ ಇಟ್ಟರೆ ಎರಡು ಮೂರು ತಿಂಗಳು ಚೆನ್ನಾಗಿರುತ್ತದೆ. ಬಳಸುವಾಗ ಕರಗಿಸದೆ ನೇರ ಕುದಿಯುವ ಪಾತ್ರೆಗೇ ಹಾಕಿ.